ದಾಖಲೆಯಿಲ್ಲದ ಕ್ಲಬ್ಬು, ಮೈದಾನವಿಲ್ಲದ ಮಕ್ಕಳು

ನಿಮ್ಮ ಊರಿನ ಫುಟ್ಬಾಲ್ ಕ್ಲಬ್ಬು ಯಾವ ವರ್ಷ ಆರಂಭವಾಯಿತು? ಅದರ ಮೊದಲ ಕಾರ್ಯದರ್ಶಿ ಯಾರು? ಮೊದಲ ಚೆಂಡಿಗೆ ಹಣ ಕೊಟ್ಟವರು ಯಾರು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಒಂದು ಕಾಲಕ್ಕೆ ಚೆಂಡು ಪುಟಿದ ಯಾವುದೇ ಊರಿಗೆ ಹೋಗಿ, ಅಸರ್ ನಮಾಜಿನ ನಂತರ ಮಸೀದಿಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಮುಂದೆ ಈ ಮೂರು ಪ್ರಶ್ನೆಗಳನ್ನಿಟ್ಟು ನೋಡಿ. ಮೊದಲು ಒಂದು ನಗು ಬರುತ್ತದೆ. ಆಮೇಲೆ, “ಆಡ್ತಿದ್ವಿ ಬಿಡ್ರಿ ಆವಾಗ, ಅದನ್ನೆಲ್ಲ ಯಾರು ಬರದಿಟ್ಟಾರ?” ಎಂಬ ಉತ್ತರ ಬರುತ್ತದೆ. ಹೆಚ್ಚೆಂದರೆ ಯಾರದೋ ಮನೆಯ ಟ್ರಂಕಿನಲ್ಲಿ ಒಂದು ತುಕ್ಕು ಹಿಡಿದ ಶೀಲ್ಡು, ಗೋಡೆಯ ಮೇಲೆ ಮಾಸಿದ ಒಂದು ಭಾವಚಿತ್ರ. ಚಿತ್ರದಲ್ಲಿ ಹನ್ನೊಂದು ಹುಡುಗರು ನಿಂತಿರುತ್ತಾರೆ. ಅವರಲ್ಲಿ ನಾಲ್ವರ ಹೆಸರು ನೆನಪಿಗೆ ಬರುತ್ತದೆ, ಏಳು ಮಂದಿಯ ಹೆಸರು ಬರುವುದಿಲ್ಲ.

ಇದು ನಗುವ ಸಂಗತಿಯಲ್ಲ. ಕಾಗದದ ಬೆಲೆ ಏನೆಂಬುದನ್ನು ಈ ದೇಶದ ಮುಸ್ಲಿಮರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? 2019-20ರಲ್ಲಿ ಪೌರತ್ವದ ಚರ್ಚೆ ದೇಶವನ್ನು ಆವರಿಸಿದಾಗ ನಾವು ಅಜ್ಜನ ಕಾಲದ ಪೆಟ್ಟಿಗೆಗಳನ್ನು ತೆರೆದು, ಗೆದ್ದಲು ಹಿಡಿದ ಪಹಣಿಗಳನ್ನೂ ಶಾಲಾ ದಾಖಲೆಗಳನ್ನೂ ಹುಡುಕಿದೆವು. ಬರೆದಿಡದ ಬದುಕು ಎಷ್ಟು ಅಭದ್ರವೆಂಬುದು ಅಂದು ನಮಗೆ ಅರಿವಾಯಿತು. ಆದರೆ ಆ ಪಾಠವನ್ನು ನಾವು ಮನೆಯ ಹೊಸ್ತಿಲು ದಾಟಿಸಲಿಲ್ಲ. ಊರಿನ ಬಯಲಿಗೂ ಊರಿನ ಕ್ಲಬ್ಬಿಗೂ ಅದೇ ನಿಯಮ ಅನ್ವಯಿಸುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ. ಚರಿತ್ರೆ ಬರೆದಿಡದ ಕ್ಲಬ್ಬು ತನ್ನ ಮೈದಾನವನ್ನು ಉಳಿಸಿಕೊಳ್ಳಲಾರದು. ಮೈದಾನ ಉಳಿಸಿಕೊಳ್ಳಲಾರದ ಊರು ತನ್ನ ಮಕ್ಕಳ ಸಂಜೆಯನ್ನು ಉಳಿಸಿಕೊಳ್ಳಲಾರದು. ನಾವು ಇಲ್ಲಿ ಹೇಳಹೊರಟಿರುವುದು ಇಷ್ಟನ್ನೇ.

ಸಮುದಾಯ ಇಷ್ಟೊಂದು ಸಂಕಷ್ಟಗಳ ನಡುವೆ ಸಿಲುಕಿರುವಾಗ, ಶಿಕ್ಷಣ, ಉದ್ಯೋಗ, ಭದ್ರತೆಗಳ ಪ್ರಶ್ನೆಗಳು ಬಾಯ್ದೆರೆದು ನಿಂತಿರುವಾಗ ಚೆಂಡಾಟದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಅವರಲ್ಲಿ ನಮ್ಮದೊಂದು ಮರುಪ್ರಶ್ನೆಯಿದೆ. ನಿಮ್ಮ ಓಣಿಯ ಹದಿನೈದರಿಂದ ಇಪ್ಪತ್ತೈದರ ನಡುವಿನ ಹುಡುಗರು ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಎಲ್ಲಿರುತ್ತಾರೆ? ಗುಟ್ಕಾ ಅಂಗಡಿಯ ಮುಂದೆ, ನಿಲ್ಲಿಸಿದ ಬೈಕಿನ ಮೇಲೆ, ಕೈಯಲ್ಲಿ ಮೊಬೈಲು ಹಿಡಿದು. ಆ ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳು ಎಷ್ಟು ಮನೆಗಳ ನೆಮ್ಮದಿ ಕೆಡಿಸಿದವೆಂಬುದು ಗುಟ್ಟಾಗಿ ಉಳಿದಿಲ್ಲ. ಅಂತಹ ಆಟಗಳನ್ನು ನಿಷೇಧಿಸಿ ಸಂಸತ್ತು 2025ರಲ್ಲಿ ಕಾನೂನು ಮಾಡಿತು. ಕಾನೂನು ಒಂದು ಆಪನ್ನು ಮುಚ್ಚಬಹುದು. ಆದರೆ ಖಾಲಿ ಬಿದ್ದ ಸಂಜೆಯನ್ನು ತುಂಬುವ ಶಕ್ತಿ ಕಾನೂನಿಗಿಲ್ಲ. ಅದನ್ನು ತುಂಬಬೇಕಾದವರು ನಾವು.

ಚರಿತ್ರೆಗೆ ಬರೋಣ. 1956ರ ನವೆಂಬರ್ 1ರವರೆಗೆ ಈ ನಾಲ್ಕೂ ತಾಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸೀಮೆಗಳು ಸಾಲಾರ್ ಜಂಗ್ ಮನೆತನದ ಜಾಗೀರುಗಳಾಗಿದ್ದವು. ಆ ಹೈದರಾಬಾದ್ ಭಾರತೀಯ ಫುಟ್ಬಾಲಿನ ರಾಜಧಾನಿಗಳಲ್ಲಿ ಒಂದಾಗಿತ್ತೆಂಬುದು ನಮ್ಮ ಮಕ್ಕಳಿಗೆ ತಿಳಿಯದು. ಅಲ್ಲಿ ಸೈಯದ್ ಅಬ್ದುಲ್ ರಹೀಮ್ ಎಂಬ ಶಾಲಾ ಶಿಕ್ಷಕರಿದ್ದರು. 1943ರಿಂದ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿ, 1950ರಿಂದ ಅಲ್ಲಿನ ನಗರ ಪೊಲೀಸ್ ತಂಡದ ತರಬೇತುದಾರರಾಗಿ ದುಡಿದ ಅವರು ಆ ತಂಡಕ್ಕೆ 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ ಗೆಲ್ಲಿಸಿಕೊಟ್ಟರು. ಅವರ ಮಾರ್ಗದರ್ಶನದಲ್ಲಿ ಭಾರತ 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. 1956ರ ಡಿಸೆಂಬರ್ 1ರಂದು, ಅಂದರೆ ನಮ್ಮ ತಾಲೂಕುಗಳು ಮೈಸೂರು ರಾಜ್ಯ ಸೇರಿ ಸರಿಯಾಗಿ ಒಂದು ತಿಂಗಳಾದ ದಿನ, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ಆ ಕೂಟದಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಮತ್ತೆ ಚಿನ್ನ ಗೆದ್ದಾಗ ರಹೀಮ್ ಸಾಹೇಬರ ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಮರುವರ್ಷ ಜೂನ್ ತಿಂಗಳಲ್ಲಿ ಅವರು ನಿಧನರಾದರು.

ನಮ್ಮ ಅಜ್ಜಂದಿರು ಅದೇ ರಾಜ್ಯದ ಪ್ರಜೆಗಳಾಗಿದ್ದರು. ಉರ್ದು ಶಾಲೆಯ ಮೇಷ್ಟ್ರಾಗಿಯೋ, ಪೊಲೀಸ್ ಜವಾನನಾಗಿಯೋ, ಕಚೇರಿಯ ಗುಮಾಸ್ತನಾಗಿಯೋ ವರ್ಗವಾಗಿ ಬಂದವರು ತಮ್ಮೊಂದಿಗೆ ಯಾವ ಊರಿಗೆ ಚೆಂಡನ್ನು ತಂದರು, ಯಾವ ಬಯಲಿನಲ್ಲಿ ಮೊದಲ ಕಂಬ ನೆಟ್ಟರು ಎಂಬುದನ್ನು ಕೇಳಿ ಬರೆದುಕೊಳ್ಳಬೇಕಾದ ಕಾಲದಲ್ಲಿ ನಾವು ಕೇಳಲಿಲ್ಲ. ರಾಜಧಾನಿಯ ಚರಿತ್ರೆ ಪುಸ್ತಕ ಸೇರಿತು. 2024ರಲ್ಲಿ ರಹೀಮ್ ಸಾಹೇಬರ ಬದುಕು ‘ಮೈದಾನ್’ ಎಂಬ ಹಿಂದಿ ಚಲನಚಿತ್ರವೂ ಆಯಿತು. ಆದರೆ ಅದೇ ರಾಜ್ಯದ ಅಂಚಿನಲ್ಲಿದ್ದ ನಮ್ಮ ಹಳ್ಳಿಗಳ ಪಾಲು ಯಾವ ಕಾಗದದಲ್ಲೂ ಇಲ್ಲ. ಇದಕ್ಕೆ ಯಾರನ್ನು ದೂರೋಣ?

ನಾವು ಸೇರಿಕೊಂಡ ಮೈಸೂರು ರಾಜ್ಯದ ಕಥೆಯೂ ಇದೇ. ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವೊಂದಿತ್ತು. ಬ್ರಿಟಿಷ್ ಸೇನಾ ತುಕಡಿಗಳು ತಮ್ಮ ಸ್ವತ್ತೆಂದೇ ಭಾವಿಸಿದ್ದ ರೋವರ್ಸ್ ಕಪ್ಪನ್ನು ಅದು 1937ರಲ್ಲಿ ಗೆದ್ದಿತು, 1938ರಲ್ಲಿ ಮತ್ತೆ ಗೆದ್ದಿತು. ಸ್ವಾತಂತ್ರ್ಯದ ನಂತರ 1948ರಲ್ಲಿ ಮೂರನೆಯ ಬಾರಿ ಗೆದ್ದಿತು. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುತೇಕ ಬರಿಗಾಲಿನಲ್ಲೇ ಆಡಿದ ಭಾರತ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಅವರು 2017ರಲ್ಲಿ ತೀರಿಕೊಂಡರು. ಅಂದು ನಮ್ಮ ಎಷ್ಟು ಮನೆಗಳಲ್ಲಿ ಅವರ ಹೆಸರು ಕೇಳಿಬಂತು? ಸಿನಿಮಾ ತಾರೆಯರ ವಂಶಾವಳಿಯನ್ನು ಬಾಯಿಪಾಠ ಒಪ್ಪಿಸುವ ನಮ್ಮ ತರುಣರಲ್ಲಿ ಎಷ್ಟು ಮಂದಿಗೆ ಈ ತಂಡದ ಹೆಸರು ಗೊತ್ತಿದೆ?

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರು ಇಂದು ಉಳಿದಿರುವುದಕ್ಕೆ ನಾವು ಕಾರಣರಲ್ಲ. ರೋವರ್ಸ್ ಪಂದ್ಯಾವಳಿಯನ್ನು ನಡೆಸಿದವರು ಪ್ರತಿವರ್ಷ ಗೆದ್ದವರ ಪಟ್ಟಿಯನ್ನು ಬರೆದಿಟ್ಟರು, ಆದ್ದರಿಂದ ಅದು ಉಳಿಯಿತು. ಅಂದರೆ ನಮ್ಮ ಗೆಲುವನ್ನು ಕೂಡಾ ಇತರರು ದಾಖಲಿಸಿಕೊಟ್ಟರು. ಹಳ್ಳಿಯ ಸಣ್ಣ ಕ್ಲಬ್ಬಿಗೆ ಅಂತಹ ಇತರರು ಯಾರೂ ಇಲ್ಲ. ಅದು ಆಡಿದ್ದು ಉರುಸಿನ ಮರುದಿನದ ಪಂದ್ಯ, ಪಕ್ಕದೂರಿನವರೊಂದಿಗಿನ ಪಂದ್ಯ, ಗೆದ್ದರೆ ಒಂದು ಶೀಲ್ಡು, ಸೋತರೆ ನಡೆದುಕೊಂಡು ಮನೆಗೆ. ಯಾವ ಪತ್ರಿಕೆಯೂ ಅದನ್ನು ಅಚ್ಚು ಹಾಕಲಿಲ್ಲ. ಅದರ ಚರಿತ್ರೆಯನ್ನು ಅದರ ಊರೇ ಬರೆಯಬೇಕು. ಊರು ಬರೆಯದಿದ್ದರೆ ಅದು ಇರಲೇ ಇಲ್ಲ ಎಂದಾಗುತ್ತದೆ.

‘ಇರಲೇ ಇಲ್ಲ’ ಎಂಬ ಈ ಮಾತು ಕೇವಲ ನೆನಪಿಗೆ ಸಂಬಂಧಿಸಿದ್ದಲ್ಲ, ನೆಲಕ್ಕೆ ಸಂಬಂಧಿಸಿದ್ದು. ಪೂರ್ಣ ಪ್ರಮಾಣದ ಫುಟ್ಬಾಲ್ ಮೈದಾನವೆಂದರೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಲೆಕ್ಕ ಹಾಕಿದರೆ ಸುಮಾರು ಒಂದೂಮುಕ್ಕಾಲು ಎಕರೆ. ಊರ ಮಧ್ಯೆ ಅಥವಾ ಊರಂಚಿನಲ್ಲಿ ಒಂದೂಮುಕ್ಕಾಲು ಎಕರೆ ಬಯಲು ಬಿದ್ದಿದೆಯೆಂದರೆ ಅದರ ಮೇಲೆ ಕಣ್ಣು ಬೀಳದಿರುತ್ತದೆಯೇ? ಒಂದು ವರ್ಷ ಅದರ ಮೂಲೆಯಲ್ಲಿ ನೀರಿನ ಟ್ಯಾಂಕು ಏಳುತ್ತದೆ. ಮತ್ತೊಂದು ವರ್ಷ ಸರಕಾರಿ ಕಟ್ಟಡವೊಂದಕ್ಕೆ ಅಡಿಗಲ್ಲು ಬೀಳುತ್ತದೆ. ಇನ್ನೊಂದು ವರ್ಷ ಪ್ರಭಾವಿಯೊಬ್ಬರ ಬೇಲಿ ಹತ್ತಡಿ ಮುಂದೆ ಸರಿಯುತ್ತದೆ. ‘ಇದು ಮಕ್ಕಳು ಆಡುವ ಜಾಗ’ ಎಂದು ಯಾರಾದರೂ ಆಕ್ಷೇಪಿಸಿದರೆ ಅಧಿಕಾರಿಗಳು ಕೇಳುವುದು ಒಂದೇ ಮಾತು: ದಾಖಲೆ ತೋರಿಸಿ. ನಲವತ್ತು ವರ್ಷ ಅಲ್ಲಿ ಆಡಿದ ಕ್ಲಬ್ಬಿನ ಬಳಿ ನಲವತ್ತು ಪುಟದ ಒಂದು ನೋಟುಪುಸ್ತಕವೂ ಇರುವುದಿಲ್ಲ.

ನಮ್ಮ ಜಿಲ್ಲೆಯ ದುರಂತಕ್ಕೆ ಎರಡು ಮುಖಗಳಿವೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಎದ್ದವು, ನೆಲಕ್ಕೆ ಬಂಗಾರದ ಬೆಲೆ ಬಂತು, ಬಯಲೆಂಬುದು ಕರಗಿತು. ಅತ್ತ ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆ ಬಯಲು ಇನ್ನೂ ಅಲ್ಲಲ್ಲಿ ಉಳಿದಿದೆ. ಆದರೆ ಸುಗ್ಗಿ ಮುಗಿಯುತ್ತಿದ್ದಂತೆ ಅಲ್ಲಿನ ಹುಡುಗರು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹನ್ನೊಂದು ಮಂದಿಯ ತಂಡದಲ್ಲಿ ಐವರು ಊರಲ್ಲಿ ಉಳಿದರೆ ದೊಡ್ಡದು. ನೀರಿರುವಲ್ಲಿ ಮೈದಾನವಿಲ್ಲ, ಮೈದಾನವಿರುವಲ್ಲಿ ಹುಡುಗರಿಲ್ಲ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲಾ ಕೇಂದ್ರಕ್ಕೊಂದು ಕ್ರೀಡಾಂಗಣ ಬಂದಿದೆ, ನಿಜ. ಆದರೆ ಕುಷ್ಟಗಿಯ ಆಚೆಯ ಹಳ್ಳಿಯ ಬಾಲಕ ಸಂಜೆಯ ಆಟಕ್ಕೆ ಕೊಪ್ಪಳಕ್ಕೆ ಬಸ್ಸು ಹತ್ತಲಾರ.

ಸರಕಾರದ ಹೊಣೆಯನ್ನು ನಾವು ಮುಚ್ಚಿಡಲಾರೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ. ಆಟದ ಮೈದಾನ ಮತ್ತು ಬಯಲು ಪ್ರದೇಶಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. 2008ರಲ್ಲಿ ಕೇಂದ್ರ ಸರಕಾರ ಪಂಚಾಯತ್ ಮಟ್ಟದ ಕ್ರೀಡೆಗಾಗಿ ‘ಪೈಕಾ’ ಯೋಜನೆ ತಂದಿತು. 2014ರಲ್ಲಿ ಅದರ ಹೆಸರು ಬದಲಾಯಿತು, ಮುಂದೆ ‘ಖೇಲೋ ಇಂಡಿಯಾ’ ಬಂತು. ಹೆಸರುಗಳು ಬದಲಾದ ವೇಗದಲ್ಲಿ ನಮ್ಮ ಹಳ್ಳಿಗಳ ಬಯಲು ಸಮತಟ್ಟಾಗಲಿಲ್ಲ. ಚುನಾವಣೆ ಹತ್ತಿರ ಬಂದಾಗ ಮಾತ್ರ ರಾಜಕಾರಣಿಗಳಿಗೆ ತರುಣರ ನೆನಪಾಗುತ್ತದೆ. ಬೆನ್ನ ಮೇಲೆ ಅವರ ಭಾವಚಿತ್ರವಿರುವ ಅಂಗಿ, ಒಂದು ದೊಡ್ಡ ಕಪ್ಪು, ರಾತ್ರಿಯ ಊಟ. ಅಂಗಿ ಒಗೆದು ಬಣ್ಣ ಮಾಸುವಷ್ಟರಲ್ಲಿ ನಾಯಕರೂ ಮರೆತಿರುತ್ತಾರೆ, ಕ್ಲಬ್ಬು ಎರಡು ಪಕ್ಷವಾಗಿ ಒಡೆದಿರುತ್ತದೆ.

ಆದರೆ ಬೆರಳನ್ನು ಹೊರಗೆ ತೋರಿಸಿ ಸುಮ್ಮನಾಗುವುದು ಸುಲಭ. ಈಗ ನಮ್ಮತ್ತ ತಿರುಗೋಣ. ನಮ್ಮ ಜಮಾಅತ್ ಸಮಿತಿಗಳಿಗೆ ತೆರೆದ ಜಾಗವೆಂದರೆ ವಾಣಿಜ್ಯ ಮಳಿಗೆಯ ಅಡಿಪಾಯವಾಗಿ ಮಾತ್ರ ಕಾಣುತ್ತಿದೆ. ಇದಕ್ಕೆ ಅವರಲ್ಲಿ ಒಂದು ಸಮರ್ಥನೆಯೂ ಇದೆ, ಅದು ಹುಸಿಯಲ್ಲ. ಇಮಾಮರ ವೇತನ, ಮದ್ರಸದ ಖರ್ಚು, ವಿಧವೆಯರ ನೆರವು ಇವೆಲ್ಲ ಮಳಿಗೆಯ ಬಾಡಿಗೆಯಿಂದಲೇ ಸಾಗಬೇಕು. ಚೆಂಡಾಟ ಬಾಡಿಗೆ ತರುವುದಿಲ್ಲ ಎಂದು ಅವರು ಹೇಳುತ್ತಾರೆ. ಬಾಡಿಗೆಯ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಖಬರಸ್ಥಾನದಲ್ಲಿ ಕಂಬ ನೆಡಿ ಎಂದಾಗಲಿ, ವಕ್ಫ್ ಆಸ್ತಿಯನ್ನು ಅದರ ಉದ್ದೇಶ ಮೀರಿ ಬಳಸಿ ಎಂದಾಗಲಿ ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಊರಿನ ಬಯಲು ಕಬಳಿಕೆಯಾಗುವಾಗ ನಮ್ಮ ಸಮಿತಿಗಳು ಒಂದು ಅರ್ಜಿಯನ್ನಾದರೂ ಬರೆದದ್ದುಂಟೇ? ಪಂಚಾಯತಿಯ ಗ್ರಾಮಸಭೆಯಲ್ಲಿ ಎದ್ದು ನಿಂತದ್ದುಂಟೇ? ಇದಕ್ಕೆ ಹಣ ಬೇಕಿರಲಿಲ್ಲ, ಕಾಳಜಿ ಬೇಕಿತ್ತು.

ಹಣದ ಮಾತು ಬಂದದ್ದರಿಂದ ಮದುವೆಗಳ ಮಾತನ್ನೂ ಆಡಲೇಬೇಕು. ಶಾದಿ ಮಹಲಿನ ಒಂದು ರಾತ್ರಿಯ ದೀಪಾಲಂಕಾರಕ್ಕೆ, ಮೆರವಣಿಗೆಯ ಅಬ್ಬರಕ್ಕೆ, ತಟ್ಟೆಯಲ್ಲೇ ಉಳಿದು ತಿಪ್ಪೆ ಸೇರುವ ಬಿರಿಯಾನಿಗೆ ನಾವು ಸುರಿಯುವ ಹಣದ ಒಂದು ಸಣ್ಣ ಪಾಲಿನಲ್ಲಿ ಒಂದು ಹಳ್ಳಿಯ ಕ್ಲಬ್ಬಿಗೆ ವರ್ಷವಿಡೀ ಚೆಂಡು, ಬಲೆ, ಬೂಟುಗಳನ್ನು ಒದಗಿಸಬಹುದು. ಮದುವೆಗೆ ಸಾಲ ಮಾಡಿಯಾದರೂ ಖರ್ಚು ಮಾಡುವ ನಾವು ಮಗ ಚೆಂಡಿಗೆಂದು ಕೈಯೊಡ್ಡಿದರೆ ‘ಹಣ ಹಾಳು’ ಎಂದು ಗದರುತ್ತೇವೆ. ಯಾವುದು ಹಾಳು?

ರಹೀಮ್ ಸಾಹೇಬರ ಒಂದು ಪ್ರಸಂಗ ಫುಟ್ಬಾಲ್ ವಲಯದಲ್ಲಿ ಪ್ರಚಲಿತವಾಗಿದೆ. ಸಿಕಂದರಾಬಾದಿನ ಅಮ್ಮುಗುಡದ ಬಡ ಕುಟುಂಬದ ಹುಡುಗ ತುಳಸೀದಾಸ್ ಬಲರಾಮ್ ಅವರ ಕಣ್ಣಿಗೆ ಬಿದ್ದ. ಅಭ್ಯಾಸಕ್ಕೆ ಬಾ ಎಂದರೆ ಬರಲು ಅವನ ಬಳಿ ಹಣವಿರಲಿಲ್ಲ. ಬಾಡಿಗೆ ಸೈಕಲ್ಲಿಗೆಂದು ರಹೀಮ್ ಸಾಹೇಬರು ಒಂದು ರೂಪಾಯಿ ಕೊಟ್ಟರು. ಆ ಹುಡುಗ ಮೆಲ್ಬರ್ನಿನಲ್ಲಿ ಆಡಿದ, ಜಕಾರ್ತದ ಚಿನ್ನದ ತಂಡದಲ್ಲಿದ್ದ. 2023ರಲ್ಲಿ ನಿಧನರಾಗುವವರೆಗೂ ಬಲರಾಮ್ ಭಾರತದ ಶ್ರೇಷ್ಠ ಆಟಗಾರರ ಸಾಲಿನಲ್ಲಿ ಎಣಿಸಲ್ಪಟ್ಟರು. ಬೇಕಿದ್ದುದು ಒಂದು ರೂಪಾಯಿ, ಮತ್ತು ಪ್ರತಿಭೆಯನ್ನು ಕಂಡಾಗ ಅದರ ಜಾತಿ-ಧರ್ಮ ಕೇಳದ ಒಬ್ಬ ಮೇಷ್ಟ್ರು.

ಈ ಪ್ರಸಂಗವನ್ನು ನಾವು ಬೇಕೆಂದೇ ಹೇಳಿದೆವು. ಏಕೆಂದರೆ ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರು ಕೇಳಿದೊಡನೆ ಎದೆಯುಬ್ಬಿಸಿ, ‘ನಮ್ಮವರದ್ದೇ ಒಂದು ತಂಡ ಕಟ್ಟೋಣ’ ಎನ್ನುವವರು ನಮ್ಮಲ್ಲಿ ಇದ್ದಾರೆ. ಅದು ವಸಾಹತು ಕಾಲದ ಪದ್ಧತಿಯಾಗಿತ್ತು. ಮುಂಬಯಿಯಲ್ಲಿ ಹಿಂದೂ, ಮುಸ್ಲಿಮ್, ಪಾರ್ಸಿ ತಂಡಗಳ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತಿತ್ತು, ಗಾಂಧೀಜಿ ಅದನ್ನು ವಿರೋಧಿಸಿದ್ದರು, 1946ರ ನಂತರ ಅದು ನಿಂತುಹೋಯಿತು. ಆ ಕಾಲದ ಸಾಧನೆಯನ್ನು ಗೌರವಿಸೋಣ, ಆದರೆ ಆ ಗೋಡೆಗಳನ್ನು ಮತ್ತೆ ಕಟ್ಟುವುದು ಬೇಡ. ಬೆಂಗಳೂರಿನ ಅದೇ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಅವರೊಂದಿಗೆ ಮುಂಚೂಣಿಯಲ್ಲಿ ಆಡಿದಾಗ ಬಂಗಾಳದ ಜನ ಆ ಐವರನ್ನು ‘ಪಂಚಪಾಂಡವರು’ ಎಂದು ಕರೆದರು. ಪಾಂಡವರಲ್ಲಿ ಇಬ್ಬರು ಮುಸ್ಲಿಮರೇಕೆಂದು ಅಂದು ಯಾರೂ ಕೇಳಲಿಲ್ಲ. ನಮ್ಮ ಸೀಮೆಯಲ್ಲಿ ಮೊಹರಮ್ಮಿನ ಅಲಾಯಿ ಕುಣಿತಕ್ಕೆ ಎಲ್ಲ ಜಾತಿಯವರು ಕೂಡುತ್ತಾರೆ, ಜಾತ್ರೆಯ ತೇರಿಗೆ ನಮ್ಮವರೂ ಹೋಗಿ ನಿಲ್ಲುತ್ತಾರೆ. ಆಚರಣೆಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಒಂದು ಊರು ಒಟ್ಟಿಗೆ ಬಾಳಿದ ಗುರುತು ಅದರಲ್ಲಿದೆ. ಹಳ್ಳಿಯ ಕ್ಲಬ್ಬು ಆ ಬಾಳುವೆಯ ಇನ್ನೊಂದು ಗುರುತಾಗಬೇಕು. ಅದಕ್ಕೆ ಊರಿನ ಹೆಸರಿರಲಿ. ಗೌಡರ ಮಗ, ಮಾದಿಗರ ಮಗ, ಪಿಂಜಾರರ ಮಗ ಒಂದೇ ಬಣ್ಣದ ಅಂಗಿ ತೊಡಲಿ. ದ್ವೇಷ ಬಿತ್ತುವವರು ಊರಿಗೆ ಬಂದ ದಿನ, ಜೊತೆಯಲ್ಲಿ ಆಡಿದ ಈ ಹನ್ನೊಂದು ಮಂದಿ ಊರಿನ ಶಾಂತಿ ಸಮಿತಿಗಿಂತ ಹೆಚ್ಚು ಕೆಲಸ ಮಾಡಬಲ್ಲರು.

ಇನ್ನು ಆಟವೆಂದರೆ ದೀನಿಗೆ ವಿರುದ್ಧವೆಂದು ಮುಖ ಸಿಂಡರಿಸುವವರು. ನಮಾಜಿನ ವೇಳೆ ಮೀರಿ ಆಡುವುದು, ಪಂದ್ಯದ ಮೇಲೆ ಬಾಜಿ ಕಟ್ಟುವುದು, ಜಗಳವಾಡುವುದು ತಪ್ಪೆಂಬುದರಲ್ಲಿ ಎರಡು ಮಾತಿಲ್ಲ. ಅಸರ್ ಮತ್ತು ಮಗ್ರಿಬ್‌ಗಳ ನಡುವಿನ ವೇಳೆಯನ್ನು ಆಟಕ್ಕೆಂದು ಗೊತ್ತುಪಡಿಸಿದರೆ ಈ ತಕರಾರಿನ ಅರ್ಧ ಅಲ್ಲಿಯೇ ಮುಗಿಯುತ್ತದೆ. ಆದರೆ ಆಟವನ್ನೇ ಹೀನವೆನ್ನುವವರು ಹದೀಸ್ ಗ್ರಂಥಗಳನ್ನು ಮತ್ತೊಮ್ಮೆ ತೆರೆಯಲಿ. ಪ್ರವಾದಿವರ್ಯರು(ಸ) ತಮ್ಮ ಪತ್ನಿ ಆಯಿಶಾ(ರ) ಅವರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದು ಅಲ್ಲಿದೆ. ಅಬಿಸೀನಿಯದವರು ಮಸೀದಿಯಲ್ಲಿ ಈಟಿಯಾಟವಾಡಿದಾಗ ಆಯಿಶಾ(ರ) ಅದನ್ನು ಮನದಣಿಯೆ ನೋಡಲೆಂದು ಪ್ರವಾದಿವರ್ಯರು(ಸ) ಕಾದು ನಿಂತದ್ದು ಅಲ್ಲಿದೆ. ಆ ಕಾಲದ ವಿದ್ವಾಂಸರು ಒಂದು ಓಟವನ್ನೂ ಒಂದು ಆಟವನ್ನೂ ಯಾರು ಕಂಡರು, ಯಾರು ಯಾರಿಗೆ ಹೇಳಿದರು ಎಂಬ ವಿವರಗಳೊಂದಿಗೆ ದಾಖಲಿಸಿದರು. ಅವರ ವಾರಸುದಾರರೆನ್ನುವ ನಮಗೆ ಮೂವತ್ತು ವರ್ಷದ ಹಿಂದಿನ ಪಂದ್ಯದ ವರ್ಷವೂ ಗೊತ್ತಿಲ್ಲ!

ನಮ್ಮ ಹೆಣ್ಣುಮಕ್ಕಳ ಕುರಿತು ಎರಡು ಮಾತು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಬಯಲು ಕಿರಿದಾದಾಗ ಮೊದಲು ಹೊರಗುಳಿಯುವವರು ಅವರೇ. ಹುಡುಗರಿಗಾದರೂ ರಸ್ತೆಯಿದೆ, ಅವರಿಗೆ ರಸ್ತೆಯೂ ಇಲ್ಲ. ಶಿರವಸ್ತ್ರ ಧರಿಸಿ ಆಡಲು ವಿಶ್ವ ಫುಟ್ಬಾಲಿನ ನಿಯಮ 2014ರಲ್ಲಿಯೇ ಸಮ್ಮತಿ ನೀಡಿತು. 2023ರ ಮಹಿಳಾ ವಿಶ್ವಕಪ್ಪಿನಲ್ಲಿ ಮೊರಾಕ್ಕೊದ ನುಹೈಲಾ ಬೆನ್ಜಿನಾ ಹಿಜಾಬ್ ಧರಿಸಿಯೇ ದಕ್ಷಿಣ ಕೊರಿಯಾದ ವಿರುದ್ಧ ಮೈದಾನಕ್ಕಿಳಿದರು. ಜಗತ್ತು ಒಪ್ಪಿದ್ದನ್ನು ನಮ್ಮ ಓಣಿ ಏಕೆ ಒಪ್ಪದು? ಶಾಲೆಯ ಆವರಣದಲ್ಲಿ, ತಾಯಂದಿರ ಕಣ್ಣೆದುರಿನಲ್ಲಿ, ಶಿಕ್ಷಕಿಯರ ಉಸ್ತುವಾರಿಯಲ್ಲಿ ವಾರಕ್ಕೆರಡು ದಿನ ಅವರಿಗೂ ಚೆಂಡು ಸಿಗಲಿ.

ಇವೆಲ್ಲ ಆಗುವ ಮಾತೇ ಎಂದು ನಿಟ್ಟುಸಿರಿಡಬೇಡಿ. ಕಾಸರಗೋಡು ಜಿಲ್ಲೆಯ ಕುಂಬಳೆಯ ಬಳಿ ಮೊಗ್ರಾಲ್ ಎಂಬ ಊರಿದೆ. ಮಾಪಿಳ್ಳೆ ಹಾಡಿಗೂ ಫುಟ್ಬಾಲಿಗೂ ಒಂದೇ ಉಸಿರಿನಲ್ಲಿ ಹೆಸರಾದ ಊರದು. ಅಲ್ಲಿ ಆಟವು ಊರಿನ ಗುರುತೇ ಆಗಿರುವುದರಿಂದ ಅದನ್ನು ಕಾಯುವವರೂ ಇದ್ದಾರೆ. ಮಲಬಾರಿನ ಉದ್ದಕ್ಕೂ ಏಳು ಮಂದಿಯ ‘ಸೆವೆನ್ಸ್’ ಆಟ ಜನಪ್ರಿಯವಾಗಿದೆ. ಅದಕ್ಕೆ ಪೂರ್ಣ ಮೈದಾನ ಬೇಕಿಲ್ಲ, ಕೊಯ್ಲಾದ ಹೊಲವೊಂದು ಸಾಕು. ಗುಳೆಯಿಂದಾಗಿ ಹನ್ನೊಂದು ಮಂದಿ ಕೂಡದ ನಮ್ಮ ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿ ಹಿಡಿಯಿತು. ನಮ್ಮ ನಾಲ್ಕು ತಾಲೂಕುಗಳ ಹುಡುಗರು ಮುಂದೊಂದು ದಿನ ಅಂತಹ ತಂಡದಲ್ಲಿ ಇರಬೇಕೆಂದು ಬಯಸುವುದು ದುರಾಸೆಯೇನಲ್ಲ.

ಹಾಗಾದರೆ ಕೆಲಸ ಎಲ್ಲಿಂದ ಆರಂಭವಾಗಬೇಕು? ಒಂದು ನೋಟುಪುಸ್ತಕದಿಂದ. ಈ ಶುಕ್ರವಾರ ಜುಮಾ ಮುಗಿಸಿ ಬಂದವರು ಊರಿನ ಹಳೆಯ ಆಟಗಾರರ ಮನೆಗೆ ಹೋಗಿರಿ. ಎಪ್ಪತ್ತು ದಾಟಿದವರ ಬಳಿ ಮೊದಲು ಹೋಗಿರಿ, ಏಕೆಂದರೆ ಅವರು ಕಾಯಲಾರರು. ಕ್ಲಬ್ಬು ಯಾವಾಗ, ಯಾರಿಂದ, ಯಾವ ಬಯಲಿನಲ್ಲಿ ಆರಂಭವಾಯಿತೆಂದು ಕೇಳಿ ಬರೆದುಕೊಳ್ಳಿರಿ. ಒಬ್ಬರ ಮಾತು ಇನ್ನೊಬ್ಬರಿಗಿಂತ ಭಿನ್ನವಾದರೆ ಎರಡನ್ನೂ ಬರೆಯಿರಿ. ಭಾವಚಿತ್ರ ಸಿಕ್ಕರೆ ಅದರ ಹಿಂದೆ ಹನ್ನೊಂದೂ ಹೆಸರುಗಳನ್ನು ಗುರುತಿಸಿರಿ. ಆ ಹೆಸರುಗಳಲ್ಲಿ ನಮ್ಮವರು ಎಷ್ಟು, ಇತರರು ಎಷ್ಟು ಎಂದು ಎಣಿಸುವ ಕೆಲಸ ಬೇಡ, ಎಲ್ಲರೂ ಊರಿನವರೇ.

ಆನಂತರ ಗ್ರಾಮ ಆಡಳಿತ ಅಧಿಕಾರಿಯ ಬಳಿ ಹೋಗಿ ಬಯಲಿನ ಸರ್ವೆ ನಂಬರು, ಪಹಣಿ ಯಾರ ಹೆಸರಿನಲ್ಲಿದೆಯೆಂದು ನೋಡಿರಿ. ಅದು ಸರಕಾರಿ ಜಾಗವಾಗಿದ್ದರೆ, ಆಟದ ಮೈದಾನವೆಂದು ಕಾಯ್ದಿರಿಸುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಅದರ ನಕಲು ಪಡೆಯಿರಿ. ಏಳು ಮಂದಿ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕ್ಲಬ್ಬನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸಭೆ ನಡೆಸಿ, ಜಮಾ-ಖರ್ಚಿನ ಲೆಕ್ಕ ಒಪ್ಪಿಸಿರಿ. ನಮ್ಮ ಎಷ್ಟು ದೊಡ್ಡ ಸಂಸ್ಥೆಗಳು ಲೆಕ್ಕ ಕೊಡದೆ ಜನರ ವಿಶ್ವಾಸ ಕಳೆದುಕೊಂಡಿವೆ ಎಂಬುದನ್ನು ನಾವು ಬಲ್ಲೆವು. ಇಪ್ಪತ್ತರ ಹುಡುಗನೊಬ್ಬ ಚೆಂಡಿನ ರಸೀದಿಯನ್ನು ಕಡತದಲ್ಲಿ ಅಂಟಿಸಲು ಕಲಿತರೆ, ನಲವತ್ತರಲ್ಲಿ ಅವನೇ ಜಮಾಅತ್ತಿನ ಪ್ರಾಮಾಣಿಕ ಖಜಾಂಚಿಯಾಗುತ್ತಾನೆ. ರೆಫ್ರಿಯ ತೀರ್ಪಿಗೆ ತಲೆಬಾಗಲು ಕಲಿತವನು ಪಂಚರ ತೀರ್ಪಿಗೂ ತಲೆಬಾಗುತ್ತಾನೆ. ಸೋತು ಕೈಕುಲುಕಲು ಕಲಿತವನು ಸಮಿತಿಯ ಚುನಾವಣೆಯಲ್ಲಿ ಸೋತಾಗ ಮತ್ತೊಂದು ಮಸೀದಿ ಕಟ್ಟಲು ಹೊರಡುವುದಿಲ್ಲ.

ಜಮಾಅತ್ ಸಮಿತಿಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ನಿಕಾಹಿನಲ್ಲಿ ಎರಡೂ ಕಡೆಯವರು ಸೇರಿ ಊರಿನ ಕ್ಲಬ್ಬಿಗೆ ಒಂದು ಚೆಂಡು ಕೊಡಲಿ. ವೇದಿಕೆಯ ಹೂವಿನ ಕಮಾನು ಮರುದಿನ ಬಾಡುತ್ತದೆ, ಚೆಂಡು ವರ್ಷವಿಡೀ ಪುಟಿಯುತ್ತದೆ. ಮಕ್ಕಳನ್ನು ಗುಟ್ಕಾ ಅಂಗಡಿಯ ಮುಂದಿನಿಂದ ಎಬ್ಬಿಸಲು ಮಿಂಬರಿನ ಮೇಲಿನ ಉಪದೇಶ ಮಾತ್ರ ಸಾಲದು, ಎದ್ದ ಮಕ್ಕಳು ಹೋಗಲು ಒಂದು ಜಾಗ ಬೇಕು.

ಗೋಲಿನ ಕಂಬಗಳ ನಡುವೆ 24 ಅಡಿ ಅಗಲ, ನೆಲದಿಂದ 8 ಅಡಿ ಎತ್ತರ. ಜಗತ್ತಿನ ಯಾವ ಮೂಲೆಗೆ ಹೋದರೂ ಆ ಅಳತೆ ಬದಲಾಗದು. ಬೆಂಗಳೂರಿನ ಬಡವರ ಮಕ್ಕಳಿಗೂ ಇಂಗ್ಲೆಂಡಿನ ಸೈನಿಕರಿಗೂ 1937ರಲ್ಲಿ ಅದು ಒಂದೇ ಆಗಿತ್ತು. ಎಲ್ಲೆಡೆ ತಾರತಮ್ಯ ಕಂಡ ಸಮುದಾಯಕ್ಕೆ ಇಂತಹ ಸಮಾನ ಅಳತೆಯ ಜಾಗಗಳು ಹೆಚ್ಚಿಲ್ಲ. ಇರುವ ಒಂದನ್ನೂ ನಮ್ಮ ಉದಾಸೀನದಿಂದ ಕಳೆದುಕೊಂಡು, ನಾಳೆ ಮೊಮ್ಮಕ್ಕಳು ಆ ಮಾಸಿದ ಭಾವಚಿತ್ರವನ್ನು ತೋರಿಸಿ ‘ಇವರು ಯಾರು, ಎಲ್ಲಿ ಆಡುತ್ತಿದ್ದರು?’ ಎಂದು ಕೇಳಿದಾಗ ನಾವೇನು ಹೇಳೋಣ? ನೀರಿನ ಟ್ಯಾಂಕನ್ನು ತೋರಿಸೋಣವೇ?